ಅಂಗೈಯೇ ಬಲಿಪೀಠವಾದಾಗ
(ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಪ್ರಬೋಧನೆ – ಲೂಕ 1:39-56)



ಇಂದು ನಮಗೆ ಎರಡು ಹಬ್ಬ. ನಾಡಿಗೆ ಸ್ವಾತಂತ್ರ್ಯದ ದಿನ; ಧರ್ಮಸಭೆಗೆ ಮಾತೆ ಮರಿಯಮ್ಮನವರು ಆತ್ಮ ಶರೀರಗಳೊಡನೆ ಸ್ವರ್ಗಕ್ಕೆ ಸ್ವೀಕೃತರಾದ ದಿನ. ಬೆಳಿಗ್ಗೆ ಧ್ವಜ ಹಾರಿಸಿ, ಮಕ್ಕಳಿಗೆ ಸಿಹಿ ಹಂಚಿ, ಸಂತೋಷದಿಂದ ಪೂಜೆಗೆ ಬಂದಿದ್ದೇವೆ.

ಆದರೆ 1975ರ ಇದೇ ಆಗಸ್ಟ್ 15ರಂದು ವಿಯೆಟ್ನಾಂ ದೇಶದಲ್ಲಿ ಒಬ್ಬ ಧರ್ಮಾಧ್ಯಕ್ಷರು ತಮ್ಮ ಸ್ವಾತಂತ್ರ್ಯವನ್ನು ಕಳೆದುಕೊಂಡರು. ಅವರ ಹೆಸರು ಫ್ರಾನ್ಸಿಸ್ ಕ್ಸೇವಿಯರ್ ನುಯೆನ್ ವಾನ್ ತುವಾನ್. ಸೈಗಾನಿನ ಸಹಾಯಕ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡು ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ. ಅಂದು ಬಂಧಿತರಾದವರು ಬಿಡುಗಡೆಯಾದದ್ದು 1988ರ ನವೆಂಬರ್ 21ರಂದು. ಹದಿಮೂರು ವರ್ಷಗಳ ಬಂಧನ. ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ.

ಬಂಧನದ ಮೊದಲ ದಿನಗಳಲ್ಲೇ ಅವರು ಒಂದು ತೀರ್ಮಾನಕ್ಕೆ ಬಂದರು. ಬಿಡುಗಡೆಗಾಗಿ ಕಾಯುತ್ತಾ ಕೂರುವುದಿಲ್ಲ. ಸಿಕ್ಕಿದ ಈ ಕ್ಷಣವನ್ನೇ ಪ್ರೀತಿಯಿಂದ ತುಂಬುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗೆ ಬರೆಯತೊಡಗಿದರು. ಹೊಟ್ಟೆನೋವಿನ ಔಷಧಿ ಎಂದು ಹೊರಗಿನಿಂದ ಬಂದ ಪುಟ್ಟ ಬಾಟಲಿಯಲ್ಲಿ ದ್ರಾಕ್ಷಾರಸವಿತ್ತು. ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು; ಅಂಗೈಯೇ ಅವರಿಗೆ ಬಲಿಪೀಠವಾಯಿತು. ಕಾವಲಿಗೆ ನಿಂತವರಿಗೆ ಭಾಷೆ ಕಲಿಸಿದರು, ಅವರನ್ನು ಸ್ನೇಹಿತರನ್ನಾಗಿ ಮಾಡಿಕೊಂಡರು.

ಸೆರೆಮನೆಯ ಗೋಡೆ ಒಂದಿಂಚೂ ಸರಿದಿರಲಿಲ್ಲ. ಅವರು ತಮ್ಮನ್ನು ಕೇಳಿಕೊಳ್ಳುವ ಪ್ರಶ್ನೆ ಮಾತ್ರ ಬದಲಾಗಿತ್ತು. "ನನಗೆ ಬಿಡುಗಡೆ ಯಾವಾಗ?" ಎಂಬ ಜಾಗದಲ್ಲಿ "ಇವತ್ತು ನಾನು ಯಾರನ್ನು ಪ್ರೀತಿಸಲಿ?" ಎಂಬುದು ಬಂದಿತ್ತು.

ಇಂದಿನ ಶುಭಸಂದೇಶವನ್ನು ನೋಡಿ. ಮರಿಯಮ್ಮ ಹಾಡುವಾಗ ಅವರ ಯಾವ ಕಷ್ಟ ಮುಗಿದಿತ್ತು? ಸಿಂಹಾಸನದ ಮೇಲೆ ಹೆರೋದನೇ ಇದ್ದ. ಊರಿನ ಬಾಯಿಗೆ ಹೆದರಬೇಕಿತ್ತು. ಬೆಟ್ಟಗುಡ್ಡದ ದಾರಿ ನಡೆದು ದಣಿದಿದ್ದರು. ಆದರೂ ದೇವರ ಕೈಕೆಲಸವನ್ನು ಕಂಡು ಹಾಡಿದರು. ಹಾಡಿ ಸುಮ್ಮನಾಗಲಿಲ್ಲ, ಸುಮಾರು ಮೂರು ತಿಂಗಳು ಎಲಿಜಬೇತಮ್ಮನವರ ಮನೆಯಲ್ಲಿದ್ದರು.

ನಾವೋ, ನೆಮ್ಮದಿಯನ್ನು ಸದಾ ಮುಂದಕ್ಕೆ ಹಾಕುವವರು. ಮಗನಿಗೆ ಕೆಲಸ ಸಿಗಲಿ, ಮಗಳ ಮದುವೆಯಾಗಲಿ, ಮನೆಯ ಸಾಲ ತೀರಲಿ, ಆಮೇಲೆ ನೆಮ್ಮದಿ ಎನ್ನುತ್ತೇವೆ. ಒಂದು ತೀರುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಿಮಗೆ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನನ್ನು ಒಂದು ಸಣ್ಣ ಧರ್ಮಕೇಂದ್ರಕ್ಕೆ ವರ್ಗ ಮಾಡಿದರು. ನಲವತ್ತು ಮನೆ, ಕೆಟ್ಟ ರಸ್ತೆ. ಮುಂದಿನ ವರ್ಗಾವಣೆಯನ್ನೇ ಎಣಿಸುತ್ತಾ ದಿನ ದೂಡಿದೆ. ಅಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಗೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಕೊಂಡೊಯ್ಯುತ್ತಿದ್ದೆ. "ಸ್ವಾಮಿ, ಒಂದು ಗಳಿಗೆ ಕೂತ್ಕೊಳ್ಳಿ, ಕಾಫಿ ಕುಡೀರಿ" ಎನ್ನುತ್ತಿದ್ದರು. "ಮುಂದಿನ ಸಲ ಅಜ್ಜಿ" ಎಂದು ಬೈಕ್ ಹತ್ತುತ್ತಿದ್ದೆ. ಆ ಮುಂದಿನ ಸಲ ನಾನು ಹೋದದ್ದು ಅವರ ಅಂತ್ಯಕ್ರಿಯೆಗೆ. ಸೊಸೆ ಹೇಳಿದರು: "ನಿಮ್ಮ ಬೈಕಿನ ಸದ್ದು ಕೇಳಿದ ದಿನ ಅತ್ತೆ ಇಡೀ ದಿನ ಖುಷಿಯಾಗಿರ್ತಿದ್ರು ಸ್ವಾಮಿ." ಒಂದೇ ಕೋಣೆಯಲ್ಲಿ ಮಲಗಿದ್ದ ಅವರು ನನ್ನಿಂದಲೂ ಸಂತೋಷ ಪಡೆದರು. ಇಡೀ ಊರಿದ್ದ ನನಗೆ ಅದು ಕಾಣಲಿಲ್ಲ.

ಪ್ರಿಯರೇ, ಇಲ್ಲೊಂದು ಎಚ್ಚರಿಕೆ ಬೇಕು. ಸಂತೃಪ್ತಿ ಎಂದರೆ ಅನ್ಯಾಯವನ್ನು ನುಂಗಿಕೊಳ್ಳುವುದು ಎಂದು ಯಾರೂ ತಿಳಿಯಬೇಡಿ. ಕುಡಿದು ಬಂದು ಹೊಡೆಯುವ ಗಂಡನ ಮನೆಯಲ್ಲಿರುವ ತಂಗಿಗೆ, ಸಾಲದಲ್ಲಿ ಮುಳುಗಿದ ರೈತನಿಗೆ "ನಿನ್ನ ಮನಸ್ಸು ಸರಿಮಾಡಿಕೋ" ಎಂದು ಹೇಳಿ ಕೈತೊಳೆದುಕೊಳ್ಳುವುದು ಪಾಪ. ಮರಿಯಮ್ಮನವರ ಹಾಡಿನಲ್ಲಿ ಹಸಿದವರಿಗೆ ಊಟವಿದೆ, ಬಲಿಷ್ಠರಿಗೆ ಸಿಂಹಾಸನದಿಂದ ಇಳಿಯುವ ಸರದಿಯೂ ಇದೆ. ದೇವರ ಕಣ್ಣಿನಿಂದ ನೋಡುವವರಿಗೆ ತಮ್ಮ ವರದಾನವೂ ಕಾಣುತ್ತದೆ, ನೆರೆಮನೆಯವರ ಕಣ್ಣೀರೂ ಕಾಣುತ್ತದೆ. ಕಂಡ ಮೇಲೆ ಮರಿಯಮ್ಮನವರಂತೆ ಎದ್ದು ಹೋಗಬೇಕು.

ಸಂತ ಪೌಲರು ಸೆರೆಯಿಂದ ಫಿಲಿಪ್ಪಿಯವರಿಗೆ ಬರೆಯುವಾಗ, ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ತಾನು ಕಲಿತಿರುವುದಾಗಿ ಹೇಳುತ್ತಾರೆ. ಹೌದು, ಅದು ಕಲಿಯಬೇಕಾದ ಪಾಠ. ಇಂದು ರಾತ್ರಿಯೇ ಮನೆಯಲ್ಲಿ ಆರಂಭಿಸೋಣ. ಜಪಮಾಲೆಗೆ ಕೂತಾಗ, ಬೇಡಿಕೆಗಳಿಗೆ ಮುಂಚೆ, ಅಜ್ಜ ಅಜ್ಜಿಯಿಂದ ಹಿಡಿದು ಪುಟ್ಟ ಮಗುವಿನವರೆಗೆ ಪ್ರತಿಯೊಬ್ಬರೂ ಅಂದಿನ ಒಂದು ಉಪಕಾರವನ್ನು ನೆನೆದು ದೇವರಿಗೆ ವಂದನೆ ಹೇಳಲಿ. ನಂತರ, ನಾಳೆ ಯಾರ ಮನೆಗೆ ಹೋಗಿ ಒಂದು ಗಳಿಗೆ ಕೂರಬೇಕು ಎಂದು ಗೊತ್ತುಮಾಡಿಕೊಳ್ಳಿ.

ಸ್ವರ್ಗದಲ್ಲಿ ಮಹಿಮೆ ಹೊಂದಿರುವ ನಮ್ಮ ತಾಯಿ, ಕಾಯುತ್ತಲೇ ಬಾಳು ಕಳೆಯದಂತೆ ನಮಗಾಗಿ ಪ್ರಾರ್ಥಿಸಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು. ಆಮೆನ್.