ಉಪ್ಪುನೀರಿನ ಮೀನುಬೇಟೆ: ಹೊರಡುವ ಮುನ್ನ ಹಿಂತಿರುಗುವ ಲೆಕ್ಕ



ನಾಲ್ಕಾರು ಗೆಳೆಯರು ಸೇರಿ ಪ್ರವಾಸ ಹೊರಡುವುದು ನಿಮಗೆ ಹೊಸದಲ್ಲ. ಆ ಪ್ರವಾಸ ಸಮುದ್ರದ ಹಿನ್ನೀರಿನಲ್ಲಿ, ಪುಟ್ಟ ದೋಣಿಗಳಲ್ಲಿ, ಮೀನು ಹಿಡಿಯುವುದಕ್ಕಾದರೆ ಸಿದ್ಧತೆ ಹೇಗಿರಬೇಕು? ಅಮೆರಿಕದ ಫ್ಲಾರಿಡಾ ರಾಜ್ಯದ ತುತ್ತತುದಿಯಲ್ಲಿರುವ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

1947ರಲ್ಲಿ ಉದ್ಘಾಟನೆಗೊಂಡ ಈ ಉದ್ಯಾನದ ಪಶ್ಚಿಮದಲ್ಲಿ ಮೆಕ್ಸಿಕೋ ಕೊಲ್ಲಿ ಇದೆ. ಸಿಹಿನೀರು ಉಪ್ಪುನೀರು ಬೆರೆಯುವ ಅಂಚಿನುದ್ದಕ್ಕೂ, ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಜಾತಿಯ ಮರಗಳ ದಟ್ಟ ಕಾಡು. ಅದರೊಳಗೆ ನೂರಾರು ಕಾಲುವೆಗಳು. ಎವರ್‌ಗ್ಲೇಡ್ಸ್ ಸಿಟಿಯಿಂದ ಫ್ಲೆಮಿಂಗೋವರೆಗೆ ಹೋಗುವ ಗುರುತಿನ ಜಲಮಾರ್ಗವೇ 99 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್.

ಇಲ್ಲಿ ಬಳಸುವ ಕಿರುದೋಣಿಗೆ ಕಯಾಕ್ ಎಂದು ಹೆಸರು. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಜನ ಸೀಲ್ ಬೇಟೆಗೆಂದು ತೊಗಲು ಹೊದಿಸಿ ಕಟ್ಟುತ್ತಿದ್ದ ದೋಣಿ ಇದು. ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಮೀನು ಹಿಡಿಯುವ ವಿಧಾನ ಫ್ಲೈ ಫಿಶಿಂಗ್. ಸಾಮಾನ್ಯ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮರಿಮೀನಿನ ವೇಷ ಹಾಕಿರುತ್ತಾರೆ. ಅದಕ್ಕೆ ಭಾರವೇ ಇಲ್ಲವೆನ್ನಬಹುದು, ತೂಕವಿರುವುದು ದಾರಕ್ಕೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಚಾಚಿದಾಗ ಕೊಕ್ಕೆ ಅದರ ಬೆನ್ನಿಗೆ ಹೋಗಿ ಬೀಳುತ್ತದೆ. ಲೆಫ್ಟಿ ಕ್ರೇ ಎಂಬ ಗಾಳಗಾರ ರೂಪಿಸಿದ 'ಡಿಸೀವರ್' ಎಂಬ ಗರಿಗೊಕ್ಕೆಯ ಚಿತ್ರವಿರುವ ಅಂಚೆಚೀಟಿಯನ್ನು ಅಮೆರಿಕ 1991ರಲ್ಲಿ ಹೊರತಂದಿತು ಎಂದರೆ ಈ ಕಲೆಗೆ ಅಲ್ಲಿರುವ ಮನ್ನಣೆ ತಿಳಿಯುತ್ತದೆ.

ಈಗ ಸಿದ್ಧತೆಗೆ ಬರೋಣ. ಆರು ಜನ, ಮೂರು ದಿನ ಎಂದಿಟ್ಟುಕೊಳ್ಳಿ. ಸುತ್ತ ನೀರಿದ್ದರೂ ಕುಡಿಯಲು ಹನಿಯಿಲ್ಲ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರಿನಂತೆ 72 ಲೀಟರ್, ಅಂದರೆ 72 ಕಿಲೋ ಭಾರವನ್ನು ದೋಣಿಗಳಿಗೆ ಹಂಚಬೇಕು. ಅದೂ ಗಟ್ಟಿ ಡಬ್ಬಗಳಲ್ಲಿ. ಇಲ್ಲದಿದ್ದರೆ ರಕೂನ್ ಎಂಬ ಪ್ರಾಣಿ ರಾತ್ರಿ ಬಂದು ನೀರಿಗಾಗಿ ಕಚ್ಚಿ ತೂತು ಮಾಡುತ್ತದೆ. ರಾತ್ರಿ ತಂಗಲು ಉದ್ಯಾನದ ಪರವಾನಗಿ ಬೇಕು. ಕೆಲವು ಕಡೆ ನೆಲವೇ ಇಲ್ಲ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ 'ಚಿಕಿ' ಎಂಬ ಮರದ ಅಟ್ಟಣೆಗಳಲ್ಲಿ ಮಲಗಬೇಕು. ಗೂಟ ಹೊಡೆಯುವಂತಿಲ್ಲವಾದ್ದರಿಂದ ತಾನೇ ನಿಲ್ಲುವ ಡೇರೆ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಬ್ಬರ ಇಳಿತದ ಲೆಕ್ಕ. ಚಂದ್ರನ ಚಲನೆಯಿಂದಾಗಿ ಇಂದಿನ ಉಬ್ಬರದ ವೇಳೆ ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ. ನಿಂತ ನೀರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಸಾಗುವವನನ್ನು ತೆಗೆದುಕೊಳ್ಳಿ. ಸೆಳೆತದ ವೇಗ 2 ಕಿಲೋಮೀಟರ್ ಇದ್ದರೆ, ಅದರ ಜೊತೆ 7 ಕಿಲೋಮೀಟರ್ ದೂರವನ್ನು ಒಂದೇ ಗಂಟೆಯಲ್ಲಿ ಹೋಗುತ್ತಾನೆ. ಅದೇ ದೂರ ಎದುರು ಸೆಳೆತದಲ್ಲಿ ಮರಳಲು 2 ಗಂಟೆ 20 ನಿಮಿಷ ಬೇಕು. ಗುಂಪಿನಲ್ಲಿ ಗಂಟೆಗೆ 4 ಕಿಲೋಮೀಟರ್ ಮಾತ್ರ ಸಾಗುವವನೊಬ್ಬನಿದ್ದರೆ? ಅವನಿಗೆ ಮೂರೂವರೆ ಗಂಟೆ! ಅವನ ವೇಗವೇ ಗುಂಪಿನ ವೇಗ. ಜೊತೆಗೆ, ಚಳಿಗಾಲದಲ್ಲಿ ಉತ್ತರದ ಬಿರುಗಾಳಿ ಬೀಸಿದರೆ ಆಳವಿಲ್ಲದ ಕಡೆಯ ನೀರು ವೇಳಾಪಟ್ಟಿ ಹೇಳಿದ್ದಕ್ಕಿಂತಲೂ ಕೆಳಗಿಳಿಯುತ್ತದೆ. ಆಗ ದೋಣಿ ಕೆಸರಿನಲ್ಲಿ ಕೂತರೆ ನೀರು ಮತ್ತೆ ಏರುವವರೆಗೂ ಕಾಯಬೇಕು. ಕೆಸರಿಗೆ ಇಳಿದು ನಡೆಯುವಂತಿಲ್ಲ.

ಮೀನು ಕಚ್ಚುತ್ತಿರುವಾಗ ಈ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. 45 ಕಿಲೋಗೂ ಮೀರಿ ಬೆಳೆಯುವ ಟಾರ್ಪನ್ ಮೀನು ಸಿಕ್ಕಿಬಿದ್ದರಂತೂ ದೋಣಿಯನ್ನೇ ಎಳೆದುಕೊಂಡು ಹೋಗುತ್ತದೆ. ಆದುದರಿಂದ ಹಿಂತಿರುಗುವ ವೇಳೆಯನ್ನು ಮನೆಯಲ್ಲೇ, ಎಲ್ಲರೂ ಕೂತು, ನಿಧಾನ ಸಾಗುವವನ ಅಳತೆಯಲ್ಲಿ ಗೊತ್ತುಮಾಡಬೇಕು. ಹೋಗುವ ದಾರಿ, ತಂಗುವ ಜಾಗ, ಮರಳುವ ವೇಳೆ, ಎಲ್ಲವನ್ನೂ ಬರೆದು ದಡದಲ್ಲಿರುವ ಒಬ್ಬರಿಗೆ ಕೊಡಬೇಕು. ಬಹುಪಾಲು ಕಡೆ ಮೊಬೈಲ್ ಫೋನ್ ಸಿಗದು. ತುರ್ತು ಕರೆಗೆ ದೋಣಿಯ ರೇಡಿಯೋದ 16ನೆಯ ಚಾನಲ್ ಉಂಟು. ಜೀವರಕ್ಷಕ ಜಾಕೆಟ್ ಮೈಮೇಲಿರಬೇಕು, ದೋಣಿಯ ಮೂಲೆಯಲ್ಲಲ್ಲ. ಕೊಕ್ಕೆ ಗಾಳಿಯಲ್ಲಿ ಹಾರಾಡುವುದರಿಂದ ದೋಣಿಗಳ ನಡುವೆ ಸಾಕಷ್ಟು ಅಂತರ ಬೇಕು. ಕಣ್ಣಿಗೆ ಕನ್ನಡಕ ಬೇಕು.

ಇನ್ನೊಂದು ನಿಯಮ ಯಾವ ಕೈಪಿಡಿಗಿಂತಲೂ ದೊಡ್ಡದು. ಗುಂಪಿನಲ್ಲಿ ಒಬ್ಬರು "ನನಗೆ ಸಾಕಾಗಿದೆ, ತಿರುಗೋಣ" ಎಂದರೆ ಎಲ್ಲರೂ ತಿರುಗಬೇಕು. ಏಕೆಂದು ಕೇಳಬಾರದು, ಹಾಸ್ಯ ಮಾಡಬಾರದು. ದಣಿದವನು ಎಷ್ಟೋ ಸಲ ಸುಮ್ಮನಿರುವುದು ಧೈರ್ಯದಿಂದಲ್ಲ, ನಾಚಿಕೆಯಿಂದ. ವಿಹಾರಕ್ಕೆ ಹೋದ ವಿದ್ಯಾರ್ಥಿಗಳು ನೀರುಪಾಲಾದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲೂ ಓದುತ್ತಲೇ ಇದ್ದೇವೆ. ಕಡಲತೀರವಿರಲಿ, ಕೆರೆಯಿರಲಿ, ಜಲಪಾತವಿರಲಿ, ಬೇಡ ಎನ್ನುವ ಗೆಳೆಯನ ಮಾತಿಗೆ ಬೆಲೆ ಕೊಡುವುದನ್ನು ನೀವು ಹೊರಡುವ ಮುನ್ನವೇ ಒಪ್ಪಂದ ಮಾಡಿಕೊಳ್ಳಿ.

ಮೀನು ಸಿಗಲಿ, ಸಿಗದಿರಲಿ. ಆರು ಜನ ಹೋದವರು ಆರೂ ಜನ ಮನೆಗೆ ಬರಬೇಕು. ಸಿದ್ಧತೆ ಎನ್ನುವುದು ಅದಕ್ಕಾಗಿಯೇ.