ಕ್ಯಾಪ್ಟನ್ ಕರ್ಕ್ ಪ್ರಧಾನಿಯಾಗಬೇಕೇ?

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಲದ ಭಾಷಣ ಹಿರಿಯರಿಗೂ ಮಕ್ಕಳಿಗೂ ಹಿಡಿಸುವಂತಿರಲಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಹಿರಿಯರಿಗೆ ಹಿಡಿಸುವುದು ರಾಜಕೀಯ, ಮಕ್ಕಳಿಗೆ ಟೀವಿ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಲು ಹೊರಟಿದ್ದೇವೆ. ಬಿಸಿಬೇಳೆಬಾತ್ ಆದೀತೋ, ತಳ ಹಿಡಿದೀತೋ, ತಾವೇ ಹೇಳಬೇಕು.

1996ರ ಜನವರಿ. ನಮ್ಮ ಮನೆಯಲ್ಲಿ ಸಂಕ್ರಾಂತಿಯ ಪಾಟ್‌ಲಕ್. ಮಹಡಿಯಲ್ಲಿ ದೊಡ್ಡವರು, ಬೇಸ್‌ಮೆಂಟಿನಲ್ಲಿ ಮಕ್ಕಳು. ಭಾರತದಲ್ಲಿ ಚುನಾವಣೆ ಹತ್ತಿರವಾಗಿತ್ತು. ಪುಳಿಯೋಗರೆ ತಟ್ಟೆ ಕೈಯಲ್ಲಿ ಹಿಡಿದು ದೇಶದ ದುರವಸ್ಥೆಯನ್ನು ಕುರಿತು ಮಾತು ಜೋರಾಗಿಯೇ ಸಾಗಿತ್ತು. ಆಗ ಒಬ್ಬರು, “ಹತ್ತು ವರ್ಷ ಮಿಲಿಟರಿ ಆಡಳಿತ ಬರಬೇಕು ಸಾರ್, ಎಲ್ಲಾ ಸರಿಹೋಗತ್ತೆ” ಎಂದರು. ಎಲ್ಲರೂ ತಲೆಯಾಡಿಸಿದರು. ಮುಚ್ಚುಮರೆಯೇಕೆ, ಆ ಮಾತು ಆಡಿದವರು ನಾವೇ.

ಎಳ್ಳುಬೆಲ್ಲ ಕೇಳಲು ಮೇಲೆ ಬಂದಿದ್ದ ನಮ್ಮ ಮಗಳು, ಆಗ ಹನ್ನೆರಡು ವರ್ಷದವಳು, ನಿಂತು ಕೇಳಿಸಿಕೊಂಡಳು. “ಅಪ್ಪಾ, ಕೆಳಗಡೆ ಟೀವೀಲಿ ಅಡ್ಮಿರಲ್ಲೂ ಹೆಚ್ಚು ಕಮ್ಮಿ ಇದನ್ನೇ ಹೇಳ್ತಾ ಇದಾನೆ. ಅವನು ವಿಲನ್ನು” ಎಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು, ಆದರೆ ಸ್ವಲ್ಪ ತಡವಾಗಿ.

ಸ್ಟಾರ್ ಟ್ರೆಕ್ ನಮಗೆ ಹೊಸದೇನಲ್ಲ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಅದು ಬರುತ್ತಿದ್ದಾಗ ಬೆಂಗಳೂರಿನಲ್ಲಿ ಪಕ್ಕದ ಮನೆಯ ಹಜಾರದಲ್ಲಿ ಜಮಖಾನದ ಮೇಲೆ ಕುಳಿತು ನೋಡಿದವರು ನಾವು. ಅಮೆರಿಕದಲ್ಲಿ 1966ರಲ್ಲೇ ಶುರುವಾಗಿ ಮೂರು ವರ್ಷಕ್ಕೆ ನಿಂತುಹೋಗಿದ್ದ ಧಾರಾವಾಹಿ ಎಂಬುದು ಆಗ ಗೊತ್ತಿರಲಿಲ್ಲ. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಕ್ಯಾಪ್ಟನ್ ಕರ್ಕ್ ಪೂರ್ತಿ ತಿಳಿಯುತ್ತಿದ್ದ. ಕುರ್ಚಿಯಲ್ಲಿ ಕೂರುತ್ತಾನೆ, ಒಂದು ಮಾತು ಹೇಳುತ್ತಾನೆ, ಕೆಲಸ ಆಗುತ್ತದೆ. ಕಡತವಿಲ್ಲ, ಗುಮಾಸ್ತನಿಲ್ಲ, ‘ನಾಳೆ ಬನ್ನಿ’ ಇಲ್ಲ. ಗ್ಯಾಸ್ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾದ ಮನೆಗಳವರಿಗೆ ಇದಕ್ಕಿಂತ ದೊಡ್ಡ ವೈಜ್ಞಾನಿಕ ಕಲ್ಪನೆ ಉಂಟೆ? ನಮ್ಮ ಸಂಘದಲ್ಲೇ ಬಾಡಿಗೆ ಕುರ್ಚಿ ಎಷ್ಟು ತರಿಸಬೇಕೆಂದು ತೀರ್ಮಾನಿಸಲು ಮೂರು ಸಭೆ ನಡೆದದ್ದು ತಮಗೆಲ್ಲ ತಿಳಿದೇ ಇದೆ.

ಆ ಸಂಕ್ರಾಂತಿಯ ರಾತ್ರಿ ಅತಿಥಿಗಳು ಹೋದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ನಾವೇ ಕುಳಿತು ನೋಡಿದೆವು. ‘ಡೀಪ್ ಸ್ಪೇಸ್ ನೈನ್’ ಸರಣಿಯ ಎರಡು ಕಂತಿನ ಕಥೆ. ಯಾರ ರೂಪವನ್ನಾದರೂ ತಾಳಬಲ್ಲ ಶತ್ರುಗಳು ಭೂಮಿಗೆ ನುಸುಳಿದ್ದಾರೆಂಬ ಭಯ. ಅಡ್ಮಿರಲ್ ಲೇಟನ್ ಎಂಬ ಸೇನಾನಿ ಬೀದಿಬೀದಿಯಲ್ಲಿ ಸೈನಿಕರಿರಬೇಕು, ಎಲ್ಲರ ರಕ್ತ ಪರೀಕ್ಷೆಯಾಗಬೇಕು ಎನ್ನುತ್ತಾನೆ. ಚುನಾಯಿತ ಅಧ್ಯಕ್ಷ ಹಿಂಜರಿಯುತ್ತಾನೆ. ಅಷ್ಟರಲ್ಲಿ ಭೂಮಿಗೆಲ್ಲ ವಿದ್ಯುತ್ ನಿಂತುಹೋಗುತ್ತದೆ, ಅಧ್ಯಕ್ಷ ತುರ್ತುಸ್ಥಿತಿಗೆ ಒಪ್ಪುತ್ತಾನೆ. ಅವನನ್ನು ಒಪ್ಪಿಸಿದವರಲ್ಲಿ ನಮ್ಮ ಕಥಾನಾಯಕ ಸಿಸ್ಕೋನೂ ಒಬ್ಬ. ಆಮೇಲೆ ಅವನಿಗೇ ತಿಳಿಯುತ್ತದೆ: ವಿದ್ಯುತ್ ಕೆಡಿಸಿದ್ದು ಶತ್ರುವಲ್ಲ, ಲೇಟನ್ನನ ಅಪ್ಪಣೆಯಂತೆ ಸೇನಾ ಶಾಲೆಯ ಹುಡುಗರು.

ಇದರಲ್ಲಿ ನಮ್ಮನ್ನು ಕಾಡಿದ್ದು ಒಂದು ಚಿಕ್ಕ ದೃಶ್ಯ. ಸಿಸ್ಕೋನ ವೃದ್ಧ ತಂದೆ ಒಂದು ಹೋಟೆಲಿನ ಅಡುಗೆಯಾತ. ರಕ್ತ ಪರೀಕ್ಷೆಗೆ ಒಲ್ಲೆನೆನ್ನುತ್ತಾನೆ. ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಳ್ಳುತ್ತದೆ. ಆಗ ಮಗನ ಕಣ್ಣು ಅಪ್ಪನ ಗಾಯದ ಮೇಲೆ ನಿಲ್ಲುವುದಿಲ್ಲ, ಚಾಕುವಿಗೆ ಅಂಟಿದ ರಕ್ತದ ಮೇಲೆ ನಿಲ್ಲುತ್ತದೆ, ಅದು ರೂಪ ಬದಲಿಸೀತೇನೋ ಎಂದು. ಕೊನೆಗೆ ಭೂಮಿಯಲ್ಲಿದ್ದ ಶತ್ರುಗಳು ನಾಲ್ಕೇ ಮಂದಿ ಎಂದು ಗೊತ್ತಾಗುತ್ತದೆ. ಉಳಿದದ್ದನ್ನೆಲ್ಲ ಭಯವೇ ಮಾಡಿ ಮುಗಿಸಿತ್ತು.

ಮಗಳು ಲೇಟನ್ನನನ್ನು ವಿಲನ್ ಎಂದಳಲ್ಲ, ಅಲ್ಲಿ ಮಾತ್ರ ನಮ್ಮದೊಂದು ತಕರಾರಿದೆ. ಅವನು ದುಷ್ಟನಲ್ಲ. ಲಂಚ ತಿನ್ನುವವನಲ್ಲ, ಭೂಮಿಯನ್ನು ನಿಜವಾಗಿ ಪ್ರೀತಿಸುತ್ತಾನೆ. ಕೆಟ್ಟ ದಂಡನಾಯಕನನ್ನು ಗುರುತಿಸುವುದು ಸುಲಭ. ಒಳ್ಳೆಯವನು, ಶೂರ, ‘ಈ ರಾಜಕಾರಣಿಗಳಿಗೆ ಏನೂ ತಿಳಿಯದು’ ಎಂದು ಮನಸಾರೆ ನಂಬಿದವನು ಬಂದಾಗಲೇ ಕಷ್ಟ. ಆಗ ನಾವೇ ಬಾಗಿಲು ತೆರೆದು ಒಳಗೆ ಕರೆಯುತ್ತೇವೆ.

ಇದು ಬರೀ ಕಥೆಯಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ಜನರಲ್ ಮೆಕಾರ್ಥರ್ ಅವರಿಗಿಂತ ದೊಡ್ಡ ವೀರ ಅಮೆರಿಕನ್ನರ ಕಣ್ಣಿಗೆ ಇರಲಿಲ್ಲ. ಯುದ್ಧವನ್ನು ಚೀನಾಕ್ಕೂ ವಿಸ್ತರಿಸಬೇಕೆಂದು ಅವರು ಬಹಿರಂಗವಾಗಿಯೇ ಅಧ್ಯಕ್ಷರ ನೀತಿಗೆ ಎದುರು ಮಾತಾಡಿದರು. 1951ರ ಏಪ್ರಿಲ್ 11ರಂದು ಟ್ರೂಮನ್ ಅವರನ್ನು ತೆಗೆದುಹಾಕಿದರು. ಐದು ನಕ್ಷತ್ರಗಳ ಜನರಲ್ಲನ್ನು ಮನೆಗೆ ಕಳಿಸಿದಾತ ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದ ಬರೀ ಕ್ಯಾಪ್ಟನ್! ಜನ ಉರಿದೆದ್ದರು. ಜನರಲ್ಲಿಗೆ ನ್ಯೂಯಾರ್ಕಿನಲ್ಲಿ ಮೆರವಣಿಗೆ, ಅಧ್ಯಕ್ಷರಿಗೆ ಬೈಗುಳ. ಆದರೆ ಸೆನೆಟ್ ವಿಚಾರಣೆಯಲ್ಲಿ ಸೇನಾ ಮುಖ್ಯಸ್ಥರೇ ಅಧ್ಯಕ್ಷರ ಪರ ನಿಂತರು. ಆ ದಿನ ನಾವು ಈ ದೇಶದಲ್ಲಿ ಇದ್ದಿದ್ದರೆ ಯಾವ ಗುಂಪಿನಲ್ಲಿರುತ್ತಿದ್ದೆವು? ಮೆರವಣಿಗೆಯಲ್ಲಿ ಹೂ ಎರಚುತ್ತಿದ್ದೆವೆಂದೇ ನಮ್ಮ ಗುಮಾನಿ.

ನಮ್ಮ ನಾಡಿಗೆ ಬರೋಣ. ಕೊಡಗಿನ ಜನರಲ್ ತಿಮ್ಮಯ್ಯನವರು 1948ರಲ್ಲಿ ಝೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಧೀರರು. ಭೂಸೇನೆಯ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಅವರಿಗೆ ಹೊಂದಲಿಲ್ಲ. 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಹಿಂದಿನ ವರ್ಷವಷ್ಟೇ ನೆರೆಯ ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಹಿಡಿದಿದ್ದರು. ತಿಮ್ಮಯ್ಯನವರ ಕೈಯಲ್ಲಿದ್ದ ಆಯುಧ ಒಂದು ಹಾಳೆ ಕಾಗದ. ನೆಹರೂ ಕೇಳಿಕೊಂಡಾಗ ಅದನ್ನೂ ಹಿಂತೆಗೆದುಕೊಂಡರು.

ಆ ಜಗಳದಲ್ಲಿ ಮಂತ್ರಿಯೇ ಸರಿ, ಜನರಲ್ ತಪ್ಪು ಎಂದು ಹೇಳಲು ನಾವು ಸಿದ್ಧರಿಲ್ಲ. 1962ರಲ್ಲಿ ಚೀನಾದ ಎದುರು ಆದದ್ದು ತಮಗೆ ಗೊತ್ತು. ಆದರೆ ಆಗ ಮೆನನ್ನರನ್ನು ಮಂತ್ರಿ ಪದವಿಯಿಂದ ಇಳಿಸಿದ್ದು ಬಂದೂಕವಲ್ಲ, ಸಂಸತ್ತಿನ ಮತ್ತು ಜನರ ಕೋಪ. ಹಾಗೆಯೇ, “1975ರ ತುರ್ತುಸ್ಥಿತಿ ತಂದವರು ಮಿಲಿಟರಿಯವರೇನು?” ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಅಲ್ಲ, ಖಾದಿ ಉಟ್ಟವರೇ ತಂದದ್ದು. ಅದಕ್ಕೆ ಉತ್ತರ ಕೊಟ್ಟದ್ದು 1977ರ ಮತಪೆಟ್ಟಿಗೆ.

ಸೇನಾನಿ ರಾಜಕೀಯಕ್ಕೆ ಬರಲೇಬಾರದೆಂದಲ್ಲ. ಐಸೆನ್‌ಹೋವರ್ ಸಮವಸ್ತ್ರ ಕಳಚಿಟ್ಟು 1952ರಲ್ಲಿ ಮತ ಕೇಳಿದರು, ಗೆದ್ದರು; 1961ರಲ್ಲಿ ಹೊರಡುವಾಗ ಸೇನೆಯೂ ಶಸ್ತ್ರೋದ್ಯಮವೂ ಕೂಡಿ ಬೆಳೆಸಿಕೊಳ್ಳುವ ಪ್ರಭಾವದ ಬಗ್ಗೆ ಜನರನ್ನು ಎಚ್ಚರಿಸಿ ಹೋದರು. ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾದ ನಮ್ಮ ಕಾರ್ಯಪ್ಪನವರೂ 1971ರಲ್ಲಿ ಮುಂಬಯಿಯಲ್ಲಿ ಲೋಕಸಭೆಗೆ ನಿಂತರು. ಸೋತರು. ಮಡಿಕೇರಿಯ ಮನೆಗೆ ಹಿಂದಿರುಗಿದರು. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಗೌರವ ಬಂದಾಗ ನಾಡೆಲ್ಲ ಹಿಗ್ಗಿತು. ಪೂಜಿಸುವ ಸೇನಾನಿಗೂ ‘ನಿಮಗೆ ಮತ ಇಲ್ಲ’ ಎನ್ನಬಲ್ಲ ದೇಶ ನಮ್ಮದು.

ಟೀವಿ ಮಂದಿ ಆಮೇಲೂ ಈ ವಿಷಯವನ್ನು ಬಿಡಲಿಲ್ಲ. 2005ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಗಣರಾಜ್ಯ ಸಾಮ್ರಾಜ್ಯವಾಗುವುದು ಸೆನೆಟ್ಟಿನ ಚಪ್ಪಾಳೆಯ ನಡುವೆಯೇ. ನಮ್ಮ ಮಗಳ ಒತ್ತಾಯಕ್ಕೆ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ನೋಡಿದೆವು. ಜನವೆಲ್ಲ ನಾಶವಾಗಿ ಐವತ್ತು ಸಾವಿರ ಮಂದಿಯಷ್ಟೇ ಹಡಗುಗಳಲ್ಲಿ ಉಳಿದಿದ್ದಾರೆ. ಅಧ್ಯಕ್ಷೆಯಾಗುವವಳು ಉತ್ತರಾಧಿಕಾರದ ಸಾಲಿನಲ್ಲಿ ನಲವತ್ತಮೂರನೆಯವಳು, ಶಿಕ್ಷಣ ಖಾತೆಯವಳು. ಫಿರಂಗಿಗಳೆಲ್ಲ ಕಮಾಂಡರ್ ಆಡಾಮಾನ ಕೈಯಲ್ಲಿ. ಸೈನಿಕರನ್ನು ಪೊಲೀಸ್ ಕೆಲಸಕ್ಕೆ ಹಚ್ಚಲು ಮೊದಮೊದಲು ಅವನು ಒಪ್ಪುವುದಿಲ್ಲ. (ಈ ದೇಶದಲ್ಲಿ ಅದಕ್ಕೆ ಕಡಿವಾಣ ಹಾಕುವ ಕಾನೂನು 1878ರಿಂದ ಇದೆ.) ಅಂಥವನೇ ಕೋಪ ಬಂದ ದಿನ ಅಧ್ಯಕ್ಷೆಯನ್ನು ಸೆರೆಗೆ ಹಾಕಿಸುತ್ತಾನೆ! ಅದನ್ನು ನೋಡುವಾಗ ನಮ್ಮ ಮನಸ್ಸು ಒಂದು ಗಳಿಗೆ ಆಡಾಮಾನ ಕಡೆಗೇ ವಾಲಿತ್ತು. ಮಗಳು ನಮ್ಮ ಮುಖ ನೋಡಿದಳು, ಏನೂ ಹೇಳಲಿಲ್ಲ.

ಒಂದು ಸಂಗತಿ ಹೇಳಿ ಮೈಕು ಬಿಡುತ್ತೇವೆ. ಕೆಲವು ವರ್ಷದ ಹಿಂದೆ ನಮ್ಮವರೇ ಆದ ಒಬ್ಬ ಹುಡುಗ ಇಲ್ಲಿಯ ಸೈನ್ಯಕ್ಕೆ ಆಫೀಸರಾಗಿ ಸೇರಿದ. ಪ್ರಮಾಣವಚನದ ದಿನ ನಾವೂ ಹೋಗಿದ್ದೆವು. ಸಾಮಾನ್ಯ ಸೈನಿಕನ ಪ್ರಮಾಣದಲ್ಲಿ ಅಧ್ಯಕ್ಷರ ಆಜ್ಞೆ ಪಾಲಿಸುವ ಮಾತುಂಟು; ಆಫೀಸರನ ಪ್ರಮಾಣದಲ್ಲಿ ಅದೂ ಇಲ್ಲ, ಇರುವುದು ಸಂವಿಧಾನ ಮಾತ್ರ. ಊರಿಂದ ಬಂದಿದ್ದ ಹುಡುಗನ ಅಜ್ಜಿಗೆ ಇಂಗ್ಲಿಷ್ ಬಾರದು. “ಯಾರ ಹೆಸರಲ್ಲಿ ಆಣೆ ಇಟ್ಟ್ಯೋ ಮಗಾ? ರಾಜನ ಹೆಸರಲ್ಲೋ, ದೇವರ ಹೆಸರಲ್ಲೋ?” ಎಂದು ಕೇಳಿದರು.

“ಒಂದು ಪುಸ್ತಕ ಕಾಪಾಡ್ತೀನಿ ಅಂತ ಆಣೆ ಇಟ್ಟೆ ಅಜ್ಜಿ.”

“ಓದಿದೀಯೇನೋ ಅದನ್ನ?”

ಹುಡುಗ ಕೆಂಪಗಾದ. “ಅರ್ಧ ಓದಿದೀನಿ ಅಜ್ಜಿ” ಎಂದ.

“ಹಾಗಿದ್ರೆ ಈ ವಾರದಲ್ಲಿ ಮುಗಿಸು” ಎಂದು ಅಜ್ಜಿ ಚೀಲದಿಂದ ಕೋಡುಬಳೆ ಡಬ್ಬ ತೆಗೆದು ಅವನ ಕೈಗಿಟ್ಟರು.