ತಮ್ಮನ್ನು ತಾವೇ ಎಣಿಸಿಕೊಂಡವರು

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಾಜದ ವ್ಯವಸ್ಥೆಯನ್ನೇ ಬದಲಾಯಿಸಹೊರಟವರು ಒಬ್ಬರಿಂದೊಬ್ಬರು ಕಲಿಯುವ ಬಗೆ ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ಸೂಚಿಸಿದರು. ಇಂತಹ ವಿಷಯವನ್ನು ತಾತ್ವಿಕವಾಗಿ ವಿವೇಚಿಸುವುದು ಸುಲಭ; ಕೇಳುವವರಿಗೆ ನಿದ್ರೆ ಬರುವುದೂ ಅಷ್ಟೇ ಸುಲಭ. ಆದ್ದರಿಂದ ನಾವು ನಿತ್ಯ ಹಾರ್ಬರ್ ಲೈನಿನ ಗಾಡಿಯ ಕಿಟಕಿಯಿಂದ ಕಂಡೂ ಕಾಣದಂತೆ ದಾಟಿಹೋಗುತ್ತಿದ್ದ ಒಂದು ಲೋಕದ ಕಥೆಯನ್ನು ಹೇಳುತ್ತೇನೆ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ನಿವಾಸಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಕೊಳೆಗೇರಿಗಳಲ್ಲಿದ್ದರು. ಅವರ ಕಥೆಯೆಂದರೆ ಈ ನಗರದ ಹೆಚ್ಚುಕಡಿಮೆ ಅರ್ಧದ ಕಥೆ.

ಕಥೆಯ ಒಂದು ಎಳೆ ನಮ್ಮ ನಾಡಿನಿಂದಲೇ ಆರಂಭವಾಗುತ್ತದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಜಾಕಿನ್ ಅರ್ಪುತಂ ಎಂಬ ತರುಣ 1960ರ ದಶಕದ ಆರಂಭದಲ್ಲಿ ಮುಂಬಯಿಗೆ ಬಂದ. ಮನೆಮಾತು ತಮಿಳು, ಕಲಿತ ಕಸುಬು ಬಡಗಿಯದು, ಶಾಲಾ ವಿದ್ಯೆ ಅಷ್ಟಕ್ಕಷ್ಟೆ. ಹೊರನಾಡ ಕನ್ನಡಿಗರ ಸಾಧನೆಯ ಪಟ್ಟಿ ಮಾಡುವಾಗ ನಾವು ಈ ಹೆಸರನ್ನು ಸೇರಿಸಿದ್ದು ನನಗೆ ನೆನಪಿಲ್ಲ. ಹೋಟೆಲು, ಬ್ಯಾಂಕು, ರಂಗಭೂಮಿ, ಸಾಹಿತ್ಯಗಳಿಗೆ ನಮ್ಮ ಪಟ್ಟಿ ಮುಗಿದುಹೋಗುತ್ತದೆ. ಮನೆಮಾತು ಯಾವುದಾದರೇನು, ಅವರು ನಮ್ಮ ನಾಡಿನ ಮಣ್ಣಿನಿಂದ ಬಂದವರೇ.

ಮಾನ್‌ಖುರ್ದ್ ಬಳಿಯ ಜನತಾ ಕಾಲೊನಿ ಅವರ ವಾಸಸ್ಥಾನವಾಯಿತು. ಅಲ್ಲಿ ಕಸ ತೆಗೆಯುವವರಿರಲಿಲ್ಲ. ಅರ್ಜಿಗಳಿಗೆ ಉತ್ತರವಿರಲಿಲ್ಲ. ಜಾಕಿನ್ ಒಂದು ದಿನ ಕಾಲೊನಿಯ ಮಕ್ಕಳನ್ನೆಲ್ಲ ಪಿಕ್‌ನಿಕ್ಕಿಗೆಂದು ಹೊರಡಿಸಿದರು. ಪ್ರತಿಯೊಬ್ಬರ ಕೈಯಲ್ಲೂ ಕಾಗದದಲ್ಲಿ ಸುತ್ತಿದ ಒಂದೊಂದು ಪೊಟ್ಟಣ ಕಸ. ಮೆರವಣಿಗೆ ನಗರಪಾಲಿಕೆಯ ಕಛೇರಿಯ ಮುಂದೆ ನಿಂತಿತು, ಪೊಟ್ಟಣಗಳು ಅಲ್ಲಿಯೇ ರಾಶಿಯಾದವು. ಅಧಿಕಾರಿಗಳು ಕಾಲೊನಿಗೆ ಧಾವಿಸಿ ಬಂದರು. ಅರ್ಜಿಗಿಂತ ಕಸದ ರಾಶಿಯೇ ಹೆಚ್ಚು ಸ್ಪಷ್ಟವಾದ ಭಾಷೆಯಲ್ಲಿ ಮಾತನಾಡಿತ್ತು! ಆದರೆ ಇಂತಹ ಚಾತುರ್ಯಕ್ಕೂ ಒಂದು ಮಿತಿಯಿದೆ. ಸುಮಾರು 70,000 ಜನರಿದ್ದ ಆ ಕಾಲೊನಿಯ ಭೂಮಿ ಅಣುಶಕ್ತಿ ಸಂಸ್ಥೆಗೆ ಬೇಕಾಗಿತ್ತು. ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹೋರಾಡಿದರೂ, 1976ರ ಮೇ ತಿಂಗಳಲ್ಲಿ, ತುರ್ತುಪರಿಸ್ಥಿತಿಯ ನೆರಳಿನಲ್ಲಿ, ಕಾಲೊನಿಯನ್ನು ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಆ ಹೋರಾಟದ ವರ್ಷಗಳಲ್ಲಿಯೇ ಹುಟ್ಟಿದ್ದು ನ್ಯಾಷನಲ್ ಸ್ಲಂ ಡ್ವೆಲರ್ಸ್ ಫೆಡರೇಷನ್. ಅದರಲ್ಲಿದ್ದವರು ಬಹುಮಟ್ಟಿಗೆ ಗಂಡಸರು, ಅವರಿಗೆ ಗೊತ್ತಿದ್ದ ವಿದ್ಯೆ ಮುಖ್ಯವಾಗಿ ಪ್ರತಿಭಟನೆಯದು.

ನಾನು ಕೇಂದ್ರ ಸರ್ಕಾರದ ಅನ್ನ ಉಣ್ಣುವವನು. ಆ ಭೂಮಿಯೂ, ಮುಂದೆ ಹೇಳಲಿರುವ ರೈಲು ಹಳಿಯ ಪಕ್ಕದ ಭೂಮಿಯೂ ಕೇಂದ್ರ ಸರ್ಕಾರದ್ದೇ. ಕಡತದಲ್ಲಿ ‘ಅತಿಕ್ರಮಣ’ ಎಂದು ಬರೆದಾಗ ಅದು ಒಂದೇ ಪದ. ಅದರೊಳಗೆ ಎಷ್ಟು ಒಲೆಗಳಿವೆ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಈ ಮಾತನ್ನು ಅನ್ಯರ ಮೇಲಿನ ಆಕ್ಷೇಪವಾಗಿ ಹೇಳುತ್ತಿಲ್ಲ. ನಾನೂ ಅಂತಹ ಪದಗಳನ್ನು ಬರೆದಿದ್ದೇನೆ.

ಇನ್ನೊಂದು ಎಳೆ ಬೈಕುಲ್ಲಾದ್ದು. 1981ರಲ್ಲಿ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು ಫುಟ್‌ಪಾತ್‌ವಾಸಿಗಳನ್ನು ತೆರವುಗೊಳಿಸಿ ಅವರವರ ಊರುಗಳಿಗೆ ಕಳುಹಿಸುವುದಾಗಿ ಸಾರಿದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1985ರ ಜುಲೈನಲ್ಲಿ ಬಂದ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ಪೀಠವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆ ಎಂದು ಸಾರಿತು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಉದ್ಧರಿಸುವ ತತ್ತ್ವವದು. ಆದರೆ ಅದೇ ತೀರ್ಪು, ನೋಟೀಸು ಕೊಟ್ಟು, ಮಳೆಗಾಲ ಕಳೆದ ಮೇಲೆ ಗುಡಿಸಲುಗಳನ್ನು ತೆರವು ಮಾಡಬಹುದೆಂದೂ ಹೇಳಿತು. ಹಕ್ಕು ದೊರೆಯಿತು, ನೆಲ ದೊರೆಯಲಿಲ್ಲ.

ಇದಕ್ಕೆ ಒಂದು ವರ್ಷ ಮುಂಚೆ, 1984ರಲ್ಲಿ, ಶೀಲಾ ಪಟೇಲ್ ಮೊದಲಾದ ಸಮಾಜ ಕಾರ್ಯಕರ್ತರು ಸ್ಪಾರ್ಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. ಬೈಕುಲ್ಲಾದ ಪಾಲಿಕೆ ದವಾಖಾನೆಯ ಹಿಂದಿನ ಒಂದು ಗ್ಯಾರೇಜೇ ಅವರ ಕಾರ್ಯಸ್ಥಾನ. ಫುಟ್‌ಪಾತಿನ ಹೆಂಗಸರು ಅಲ್ಲಿಗೆ ಬಂದು ಕೂಡುತ್ತಿದ್ದರು. ತೀರ್ಪಿನ ನಂತರ ಏನು ಮಾಡಬೇಕು? ಬೀದಿಗಿಳಿಯುವುದೇ, ಮತ್ತೊಂದು ಅರ್ಜಿ ಹಾಕುವುದೇ? ಅವರು ಆಯ್ದುಕೊಂಡದ್ದು ಮೂರನೆಯ ದಾರಿಯನ್ನು. ಸ್ವತಃ ಗಣತಿಗೆ ಇಳಿದು ಸುಮಾರು 6,000 ಕುಟುಂಬಗಳ ವಿವರಗಳನ್ನು ಸಂಗ್ರಹಿಸಿದರು. ‘ಅದೃಶ್ಯರಾದ ನಾವು’ ಎಂಬರ್ಥದ ಶೀರ್ಷಿಕೆಯಲ್ಲಿ 1985ರಲ್ಲಿ ಆ ವರದಿ ಹೊರಬಂತು. ಫುಟ್‌ಪಾತಿನವರು ನಿನ್ನೆಮೊನ್ನೆ ಬಂದಿಳಿದ ಅಲೆಮಾರಿಗಳು ಎಂಬುದು ನಗರದ ನಂಬಿಕೆಯಾಗಿತ್ತು. ದಶಕಗಳಿಂದ ಅಲ್ಲೇ ಬಾಳಿದವರು, ನಡೆದು ಹೋಗುವಷ್ಟು ದೂರದಲ್ಲಿ ದುಡಿಯುವವರು, ಗಾಡಿಯ ಖರ್ಚನ್ನು ಭರಿಸಲಾರದ ಕಾರಣದಿಂದಲೇ ಅಲ್ಲಿ ಮಲಗುವವರು ಎಂಬುದನ್ನು ಗಣತಿ ತೋರಿಸಿಕೊಟ್ಟಿತು. ಭಯಪಟ್ಟಿದ್ದ ಪ್ರಮಾಣದ ತೆರವು ಆ ವರ್ಷ ನಡೆಯಲಿಲ್ಲ.

ಈ ಎರಡು ಎಳೆಗಳು ಕೂಡಿದ್ದು 1986ರ ಸುಮಾರಿಗೆ. ಫುಟ್‌ಪಾತಿನ ಹೆಂಗಸರು ಆಗ ಮಹಿಳಾ ಮಿಲನ್ ಎಂಬ ತಮ್ಮದೇ ಕೂಟವನ್ನು ಕಟ್ಟಿಕೊಂಡರು. ಹೀಗೆ ಓದಿದವರ ಸಂಸ್ಥೆ, ಹೋರಾಟಗಾರ ಗಂಡಸರ ಒಕ್ಕೂಟ ಮತ್ತು ಅಕ್ಷರ ಬಾರದ ಹೆಂಗಸರ ಉಳಿತಾಯ ಕೂಟ ಇವು ಮೂರೂ ಒಂದಾದವು. ನನ್ನ ದೃಷ್ಟಿಯಲ್ಲಿ ಈ ಕಥೆಯ ಮರ್ಮವಿರುವುದು ಇಲ್ಲಿಯೇ. ಒಂದೇ ಬಗೆಯ ಜನ ಎಷ್ಟು ಸಲ ಕೂಡಿದರೂ ತಮಗೆ ಗೊತ್ತಿದ್ದುದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಚಹಾ ಕುಡಿದು ಎದ್ದುಹೋಗುತ್ತಾರೆ. (ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳನ್ನು ಉದ್ದೇಶಿಸಿ ಹೇಳಿದ ಮಾತಲ್ಲ ಇದು, ಮನ್ನಿಸಬೇಕು.) ಈ ಮೂವರಲ್ಲಿ ಒಬ್ಬರಿಗಿದ್ದದ್ದು ಇನ್ನೊಬ್ಬರಿಗಿರಲಿಲ್ಲ. ಸ್ಪಾರ್ಕ್‌ನವರಿಗೆ ವರದಿ ಬರೆಯಲು ಬರುತ್ತಿತ್ತು, ಅಧಿಕಾರಿಯ ಬಾಗಿಲು ತಟ್ಟಲು ತಿಳಿದಿತ್ತು. ಒಕ್ಕೂಟದವರಿಗೆ ಊರೂರಿನ ಕೊಳೆಗೇರಿಗಳ ಸಂಪರ್ಕವಿತ್ತು. ಹೆಂಗಸರಿಗೆ ಬೀದಿಯ ಯಾವ ಮನೆಯಲ್ಲಿ ಇಂದು ಒಲೆ ಹೊತ್ತಿಲ್ಲ ಎಂಬುದು ಗೊತ್ತಿತ್ತು.

ಹೆಂಗಸರ ಉಳಿತಾಯ ದಿನದ ಲೆಕ್ಕದ್ದು. ಅವರಲ್ಲೇ ಒಬ್ಬಳು ಪ್ರತಿದಿನ ಮನೆಮನೆಗೆ ಹೋಗುತ್ತಾಳೆ, ಒಂದು ರೂಪಾಯಿ, ಎರಡು ರೂಪಾಯಿ ಏನು ಕೊಟ್ಟರೂ ಪಡೆಯುತ್ತಾಳೆ. ತೆನೆ ತೆನೆ ಕೂಡಿದರೆ ಬಳ್ಳ ಎಂಬುದು ನಮ್ಮ ಗಾದೆ. ಆದರೆ ಇಲ್ಲಿ ಬಳ್ಳಕ್ಕಿಂತ ಮುಖ್ಯವಾದದ್ದು ಆ ನಿತ್ಯದ ಭೇಟಿ. ಯಾರಿಗೆ ಜ್ವರ, ಯಾರ ಗಂಡ ಕೆಲಸ ಕಳೆದುಕೊಂಡ, ಯಾರಿಗೆ ನಾಳೆ ಬೆಳಿಗ್ಗೆಯೇ ಸಾಲ ಬೇಕು ಎಂಬುದು ಬೇಡದೆಯೇ ತಿಳಿಯುತ್ತದೆ. ತುರ್ತು ಸಾಲವನ್ನು ಹೆಂಗಸರೇ ನಿರ್ಧರಿಸಿ ಕೊಡುತ್ತಿದ್ದರು.

ನಂತರ ಮನೆಯ ಪ್ರಶ್ನೆ ಬಂತು. ಫುಟ್‌ಪಾತಿನ ಹೆಂಗಸಿಗೆ ಎಂತಹ ಮನೆ ಬೇಕೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಅವರು ಸೀರೆಯನ್ನೇ ಅಳತೆಗೋಲಾಗಿಸಿ ಅಳೆದರು. ಬಟ್ಟೆ ಮತ್ತು ಮರದ ಪಟ್ಟಿಗಳಿಂದ ನಿಜವಾದ ಗಾತ್ರದ ಮಾದರಿ ಮನೆಯನ್ನು ಕಟ್ಟಿ ನಿಲ್ಲಿಸಿ, ಅಧಿಕಾರಿಗಳನ್ನೂ ಬೇರೆ ಬಡಾವಣೆಗಳ ಜನರನ್ನೂ ಕರೆದು ತೋರಿಸಿದರು. ನೆಲದ ವಿಸ್ತೀರ್ಣ ಹೆಚ್ಚಲಾರದೆಂದಾಗ ಚಾವಣಿಯನ್ನು ಹದಿನಾಲ್ಕು ಅಡಿಗೆ ಎತ್ತರಿಸಿ ಒಳಗೊಂದು ಅಟ್ಟ ಮಾಡುವ ವಿನ್ಯಾಸ ಹೊಳೆಯಿತು. ಇದು ವಾಸ್ತುಶಿಲ್ಪದ ಪುಸ್ತಕದಿಂದ ಬಂದುದಲ್ಲ. ಇಕ್ಕಟ್ಟಿನಲ್ಲಿ ಬಾಳಿದವರ ಬುದ್ಧಿಯಿಂದ ಬಂದುದು.

ಈ ಕಲಿಕೆ ವ್ಯವಸ್ಥೆಯನ್ನು ಮುಟ್ಟಿದ್ದು ರೈಲು ಹಳಿಗಳ ಪಕ್ಕದಲ್ಲಿ. 1980ರ ದಶಕ ಮುಗಿಯುವ ಹೊತ್ತಿಗೆ ಈ ಮೂರೂ ಸಂಸ್ಥೆಗಳು ಹಳಿಗಳಂಚಿನ ಸುಮಾರು 18,000 ಕುಟುಂಬಗಳ ಗಣತಿ ಮಾಡಿದ್ದವು. ಗುಡಿಸಲುಗಳು ಹಳಿಗೆ ಅಂಟಿಕೊಂಡಿದ್ದರಿಂದ ಗಾಡಿಗಳು ಅಲ್ಲಲ್ಲಿ ಕುಂಟುತ್ತಾ ಸಾಗುತ್ತಿದ್ದವು, ಮಕ್ಕಳು ಹಳಿಯ ಮೇಲೆ ಸಾಯುತ್ತಿದ್ದರು. ನಗರ ಸಾರಿಗೆ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಬರಬೇಕಾದರೆ ಪುನರ್ವಸತಿ ಕಡ್ಡಾಯವಾಗಿತ್ತು. ಇಷ್ಟಾದರೂ 2000ದ ಆರಂಭದಲ್ಲಿ ಹಾರ್ಬರ್ ಲೈನಿನ ಪಕ್ಕದ ಸುಮಾರು 2,000 ಗುಡಿಸಲುಗಳನ್ನು ರೈಲ್ವೆ ಕೆಡವಿತು. ಒಕ್ಕೂಟದವರು ಪ್ರತಿಭಟಿಸಿ ತೆರವನ್ನು ನಿಲ್ಲಿಸಿದರು. ಅಷ್ಟಕ್ಕೇ ಬಿಡದೆ ಹಳೆಯ ಗಣತಿಯ ಪಟ್ಟಿಯನ್ನು ಮುಂದಿಟ್ಟರು. ಗುಡಿಸಲಿಗೊಂದು ಸಂಖ್ಯೆ, ಬೀದಿಗೊಂದು ನಕ್ಷೆ, ಸುಮಾರು ಐವತ್ತು ಮನೆಗಳಿಗೊಂದು ಗುಂಪು. ಹೊಸ ಜಾಗದಲ್ಲಿ ಯಾರು ಯಾರ ನೆರೆಯವರೆಂಬುದನ್ನು ಅವರೇ ನಿರ್ಣಯಿಸಿಕೊಂಡರು. ಮುಂದಿನ ತಿಂಗಳುಗಳಲ್ಲಿ ಸುಮಾರು 60,000 ಜನ ಪೊಲೀಸ್ ಬಲಪ್ರಯೋಗವಿಲ್ಲದೆ ಸ್ಥಳಾಂತರಗೊಂಡರು. ತಮ್ಮ ಗುಡಿಸಲುಗಳನ್ನು ಬಹುಪಾಲು ತಾವೇ ಬಿಚ್ಚಿದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಜನತಾ ಕಾಲೊನಿಯಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಸರ್ಕಾರವೂ ಏನೋ ಒಂದನ್ನು ಕಲಿತಿತ್ತು ಎನ್ನಬೇಕಾಗುತ್ತದೆ.

ಇಷ್ಟು ಹೇಳಿ ಕೈಮುಗಿದರೆ ಅದು ಸ್ತುತಿಪಾಠವಾದೀತು. ಸ್ವಂತ ಬಲಕ್ಕೆಂದು ಗಣತಿ ಮಾಡಿದವರು ಸರ್ಕಾರದ ಪರವಾಗಿ ಗಣತಿ ಮಾಡತೊಡಗಿದಾಗ ಅವರ ನಿಲುವು ನಾಜೂಕಾಯಿತು. ಪಟ್ಟಿಯಿಂದ ಬಿಟ್ಟುಹೋದವನು ಈಗ ಯಾರೊಡನೆ ಜಗಳವಾಡಬೇಕು? ಇದೇ ಸಾರಿಗೆ ಯೋಜನೆಯ ರಸ್ತೆಗಳಿಗಾಗಿ ಸ್ಥಳ ಕಳೆದುಕೊಳ್ಳಬೇಕಾದವರು 2004ರಲ್ಲಿ ವಿಶ್ವಬ್ಯಾಂಕಿನ ತನಿಖಾ ಮಂಡಳಿಗೆ ದೂರಿತ್ತರು. 2006ರಲ್ಲಿ ಬ್ಯಾಂಕು ರಸ್ತೆ ಮತ್ತು ಪುನರ್ವಸತಿಯ ಭಾಗದ ಹಣವನ್ನು ಕೆಲವು ತಿಂಗಳು ತಡೆಹಿಡಿಯಿತು. ಮಾನ್‌ಖುರ್ದ್‌ನ ಲಲ್ಲೂಭಾಯಿ ಕಂಪೌಂಡಿನಂತಹ ಪುನರ್ವಸತಿ ಕಟ್ಟಡಗಳು ಒಂದಕ್ಕೊಂದು ಎಷ್ಟು ಒತ್ತಾಗಿ ನಿಂತಿವೆಯೆಂದರೆ ಕೆಳ ಅಂತಸ್ತುಗಳಿಗೆ ಬಿಸಿಲೇ ಇಳಿಯದು. ಅಲ್ಲಿನ ಕ್ಷಯರೋಗಕ್ಕೂ ಗಾಳಿ-ಬೆಳಕಿನ ಅಭಾವಕ್ಕೂ ನಂಟಿದೆಯೆಂದು 2018ರಲ್ಲಿ ಹೊರಬಂದ ಅಧ್ಯಯನವೊಂದು ತೋರಿಸಿತು. ಸೀರೆಯಿಂದ ಅಳೆದ ಹೆಂಗಸರ ಮಾದರಿ ಮನೆಯಲ್ಲಿದ್ದ ವಿವೇಕ ಆ ಕಟ್ಟಡಗಳ ನಕ್ಷೆ ಮಾಡಿದವರವರೆಗೆ ತಲುಪಲಿಲ್ಲ. ಎಣಿಸುವ ಅಧಿಕಾರ ಜನರ ಕೈಗೆ ಅಷ್ಟಿಷ್ಟು ಬಂದಿತ್ತು. ಕಟ್ಟುವ ಅಧಿಕಾರ ಬಂದಿರಲಿಲ್ಲ. ಬೈಕುಲ್ಲಾದ ಆ ಮೊದಲ ಹೆಂಗಸರೇ ಸ್ವಂತ ಸೂರಿಗಾಗಿ ಸುಮಾರು ಎರಡು ದಶಕ ಕಾಯಬೇಕಾಯಿತು ಎಂಬುದನ್ನೂ ಮರೆಯಬಾರದು.

ಆದರೂ ಈ ವಿದ್ಯೆ ಕಡಲು ದಾಟಿತು. 1991ರಲ್ಲಿ ಜಾಕಿನ್ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿನ ಗುಡಿಸಲುವಾಸಿಗಳು ಮುಂಬಯಿಗೆ ಬಂದು ಉಳಿತಾಯವನ್ನೂ ಗಣತಿಯನ್ನೂ ಕಣ್ಣಾರೆ ಕಂಡು ಕಲಿತರು. 1996ರಲ್ಲಿ ಹಲವು ದೇಶಗಳ ಇಂತಹ ಒಕ್ಕೂಟಗಳು ಸೇರಿ ಅಂತರರಾಷ್ಟ್ರೀಯ ಸಂಘಟನೆಯೊಂದನ್ನು ರಚಿಸಿಕೊಂಡವು. ತಜ್ಞರ ಗೋಷ್ಠಿಗಳ ಮೂಲಕವಲ್ಲ, ನೆಂಟರಂತೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿಬರುವ ಮೂಲಕ ಜ್ಞಾನ ಸಾಗಿದ ರೀತಿಯದು. ಜಾಕಿನ್‌ಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಸಂದವು. 2018ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಹೀಗೆ ಕಲಿಯುವುದು ನಮಗೆ ಅಪರಿಚಿತವೇನಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಇದೇ ನಗರದಲ್ಲಿ ವಕೀಲರೂ ಉದ್ಯಮಿಗಳೂ ಆದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನೂ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೂ ಕಟ್ಟಿದ ಕರಾವಳಿಯ ಸಮುದಾಯಗಳು ಕೂಡಿ ದುಡಿದು, ಕೂಡಿ ಕಲಿತವರೇ. ಆದರೆ ನಾವು ಕೂಡಿದ್ದು ಬಹುಮಟ್ಟಿಗೆ ನಮ್ಮನಮ್ಮವರೊಡನೆ. ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯಿಂದ ಬಂದು ಈ ನಗರದ ಗಗನಚುಂಬಿಗಳಿಗೆ ಇಟ್ಟಿಗೆ ಹೊತ್ತ ಕನ್ನಡಿಗರು ನಮ್ಮ ಸದಸ್ಯರ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆ? ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ನಾನು ಸುತ್ತಲೂ ನೋಡುತ್ತೇನೆ. ಅವರು ಕಾಣುವುದಿಲ್ಲ. ಬೈಕುಲ್ಲಾದವರನ್ನು ನಗರವು ಎಣಿಸದೇ ಬಿಟ್ಟಂತೆ ನಾವೂ ಇವರನ್ನು ಎಣಿಸದೇ ಬಿಟ್ಟಿದ್ದೇವೆ.

2024ರ ಮಾರ್ಚ್‌ನಲ್ಲಿ ಧಾರಾವಿಯ ಪುನರಭಿವೃದ್ಧಿಗಾಗಿ ಮನೆಮನೆಯ ಗಣತಿ ಆರಂಭವಾಯಿತು. ಯಾರಿಗೆ ಧಾರಾವಿಯಲ್ಲಿಯೇ ಮನೆ, ಯಾರು ಹೊರಗೆ ಎಂಬುದು ಆ ಪಟ್ಟಿಯ ಮೇಲೆ ನಿಂತಿದೆ. ಮೂಲೆಯ ಓಣಿಯ ಬಾಡಿಗೆದಾರ, ಅಟ್ಟದ ಮೇಲಿನ ಕುಟುಂಬ, ದಾಖಲೆಯ ಚೀಟಿಯನ್ನು ಮಳೆಯಲ್ಲಿ ಕಳೆದುಕೊಂಡ ವಿಧವೆ ಇಂತಹವರ ಪರವಾಗಿ ಅರ್ಜಿ ಬರೆಯಬಲ್ಲವರು, ಸರ್ಕಾರಿ ಭಾಷೆಯನ್ನು ಓದಬಲ್ಲವರು ಈ ಸಭೆಯಲ್ಲಿಯೇ ಮೂವತ್ತು-ನಲವತ್ತು ಮಂದಿ ಇದ್ದೇವೆ. ನಿವೃತ್ತ ಶಿಕ್ಷಕರಿದ್ದೀರಿ, ಬ್ಯಾಂಕಿನವರಿದ್ದೀರಿ, ವಕೀಲರಿದ್ದೀರಿ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಧಾರಾವಿಯ ಕಡೆ ಹೊರಡೋಣವೆಂದು ಕಾರ್ಯದರ್ಶಿಯವರೊಡನೆ ಮಾತನಾಡಿಕೊಂಡಿದ್ದೇನೆ. ಬರುವವರು ಸಭೆ ಮುಗಿದ ಮೇಲೆ ಅವರಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.